ಜಮ್ಸ್ರಾನನ ಲಾರಿಗೆ ಚಹಾದ ಚಟ

ಜಮ್ಸ್ರಾನ್ ತನ್ನ ಟೋಪಿ ತೆಗೆಯುತ್ತಿದ್ದುದು ಕೆಮ್ಮುವ ಇಂಜಿನ್ನಿನ ಮುಂದೆ ಮಾತ್ರ. ಊಟಕ್ಕೆ ಕೂತಾಗಲೂ ತಲೆಯಿಂದ ಇಳಿಯದ ಆ ನರಿತುಪ್ಪಳದ ಟೋಪಿಯನ್ನು ಮಡ್‌ಗಾರ್ಡಿನ ಮೇಲಿಟ್ಟು, ಒಂದು ಕಿವಿಯನ್ನು ಕಾರ್ಬ್ಯುರೇಟರಿನತ್ತ ಬಾಗಿಸಿ, ನಾಡಿ ಹಿಡಿದ ವೈದ್ಯನ ಗಾಂಭೀರ್ಯದಿಂದ ಆತ ನಿಂತನೆಂದರೆ, ಮಾತನಾಡಿಸುವ ಧೈರ್ಯ ಗೋಬಿ ಮರುಭೂಮಿಯ ಅಂಚಿನ ಆ ಹುಲ್ಲುಗಾವಲಿನಲ್ಲಿ ಒಬ್ಬರಿಗೇ ಇತ್ತು: ಹೆಂಡತಿ ಯಾಂಜ್ಮಾಳಿಗೆ.

ಒಂದು ಚಳಿಗಾಲದಿಂದ ಲಾರಿ ಒಂದೆರಡು ದಿಬ್ಬ ದಾಟಿದೊಡನೆ ನಿಂತುಬಿಡುತ್ತಿತ್ತು. ಆತ ಕಾರ್ಬ್ಯುರೇಟರಿನ ಜೆಟ್ಟು ಬಿಚ್ಚಿ ಬಾಯಿಂದ ಊದಿ, ಪೆಟ್ರೋಲು ಉಗುಳಿ, ಲಾರಿಯನ್ನೊಂದು ಸುತ್ತು ಹಾಕಿ ಬಂದು, "ಚಹಾ ಕಾಯಿಸು, ಅದೂ ಸ್ವಲ್ಪ ಸುಧಾರಿಸ್ಕೊಳ್ಳಲಿ" ಎನ್ನುತ್ತಿದ್ದ. ಉಪ್ಪುಚಹಾ ಮುಗಿಯುವಷ್ಟರಲ್ಲಿ ಲಾರಿ ಸಲೀಸಾಗಿ ಹೊರಡುತ್ತಿತ್ತು. "ಜಮ್ಸ್ರಾನಣ್ಣನ ಲಾರಿ ಪೆಟ್ರೋಲಲ್ಲಿ ಓಡಲ್ಲ ಕಣ್ರೋ, ಚಹಾದಲ್ಲಿ!" ಎಂದು ಬೇರೆ ಚಾಲಕರು ಕಿಚಾಯಿಸಿದರೆ, ಮೀಸೆಯಲ್ಲೇ ನಕ್ಕು ಅವರಿಗೂ ಒಂದೊಂದು ಬಟ್ಟಲು ಕೊಡುತ್ತಿದ್ದ. ಇದೆಲ್ಲ ಶುದ್ಧ ಸೋಮಾರಿತನವೆಂದು ಯಾಂಜ್ಮಾಳಿಗೆ ಖಾತ್ರಿಯಾಗಿತ್ತು.

ಮದುವೆಯಾಗಲಿದ್ದ ಮಗಳ ಹೊಸ ಗುಡಾರದ ಒಲೆಯನ್ನು ಹೇರಿಕೊಂಡು ಹೊರಟ ದಿನವೂ ಲಾರಿ ನಿಂತಿತು. ಲಾಮಾ ಇಟ್ಟುಕೊಟ್ಟ ಮುಹೂರ್ತವಿದ್ದುದು ಸೂರ್ಯ ಮುಳುಗುವವರೆಗೆ. ಅಷ್ಟರೊಳಗೆ ಆ ಒಲೆಯಲ್ಲಿ ಬೆಂಕಿ ಹೊತ್ತದಿದ್ದರೆ ಮದುವೆ ಮುಂದಿನ ವರ್ಷಕ್ಕೇ ಸರಿ.

"ಇವತ್ತೂ ಚಹಾ ಅಂದ್ಯೋ, ಕೆಟಲು ನಿನ್ನ ತಲೆ ಮೇಲೇ ಕುಕ್ತೀನಿ!"

ಜಮ್ಸ್ರಾನ್ ಇಂಜಿನ್ನಿನತ್ತ ಹೋಗದೆ ಲಾರಿಯ ಪಕ್ಕಕ್ಕೆ ನಡೆದ. ಟೋಪಿಯನ್ನೂ ತೆಗೆಯಲಿಲ್ಲ. ಅದನ್ನು ಕಂಡೇ ಅನುಮಾನ ಬಂದು ಯಾಂಜ್ಮಾ ಹಿಂದೆಯೇ ಹೋದಳು. ಆತ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲಿಸಿದ. ಟ್ಯಾಂಕು ಬಾಯಾರಿದ ಒಂಟೆಯಂತೆ ಸುಯ್ಯೆಂದು ಗಾಳಿಯೆಳೆದುಕೊಂಡಿತು. ಹಳೆಯ ಮುಚ್ಚಳ ಹಿಮದಲ್ಲಿ ಕಳೆದುಹೋದಾಗ, ಒಂದು ಕಣ ಧೂಳೂ ಒಳಹೋಗದಂತೆ ದಪ್ಪ ಕಂಬಳಿಯನ್ನು ಕುರಿಕೊಬ್ಬಿನಲ್ಲಿ ನೆನೆಸಿ ಅವಳೇ ಹೊಲಿದುಕೊಟ್ಟ ಮುಚ್ಚಳ ಅದು. ಧೂಳು ಹೋಗಲಿಲ್ಲ, ನಿಜ; ಗಾಳಿಯೂ ಹೋಗಲಿಲ್ಲ. ಗಾಳಿಯಿಲ್ಲದ ಟ್ಯಾಂಕು ಪೆಟ್ರೋಲನ್ನು ಬಿಟ್ಟುಕೊಡಲಿಲ್ಲ.

"ಯಾವಾಗಿಂದ ಗೊತ್ತು ನಿಂಗೆ?"

"ಎರಡ್ನೇ ಸಲ ನಿಂತಾಗಿಂದ. ಸುತ್ತು ಹಾಕೋವಾಗೆಲ್ಲ ಇದನ್ನೇ ಸಡಿಲಿಸ್ತಿದ್ದೆ."

"ಹೇಳೋಕೇನಾಗಿತ್ತು?"

"ಆ ಚಳೀಲಿ ನೀನು ಬೆರಳೆಲ್ಲ ಒಡ್ಕೊಂಡು ಹೊಲಿದಿದ್ದೆ. ತೂತು ಹಾಕು ಅನ್ನೋಕೆ ಮನಸ್ಸು ಬರಲಿಲ್ಲ."

ಯಾಂಜ್ಮಾ ಮುಚ್ಚಳವನ್ನು ಕಿತ್ತುಕೊಂಡು, ಹೊಲಿಗೆಯ ದಬ್ಬಳದಿಂದ ನಟ್ಟನಡುವೆ ತಾನೇ ಚುಚ್ಚಿದಳು. "ಪೆದ್ದ," ಎಂದಳು, ಮೆಲ್ಲಗೆ. ಬಿಸಿಲಿನ್ನೂ ಗುಡ್ಡದ ನೆತ್ತಿಯ ಮೇಲಿರುವಾಗಲೇ ಮಗಳ ಗುಡಾರದಿಂದ ಹೊಗೆಯೆದ್ದಿತು.

ಇಂಜಿನ್ನಿನ ದೋಷವನ್ನು ಯಾರ ಮುಲಾಜೂ ಇಲ್ಲದೆ ಎತ್ತಿ ತೋರಿಸುವ ಇಂಥ ಗಂಡಸರು, ಮನೆಯವರ ಕೈಕೆಲಸದ ದೋಷವನ್ನು ಮಾತ್ರ ತಮ್ಮದೆಂದು ಹೊತ್ತು ತಿರುಗುತ್ತಾರೆ. ಅವರನ್ನು ಸೋಮಾರಿಗಳೆಂದು ಬೈಯುತ್ತಾ ನಾವು ಚಹಾ ಕಾಯಿಸುತ್ತಿರುತ್ತೇವೆ.