ಒಂಬತ್ತು ಮನೆಗಳ ಕಾಲುದಾರಿ

ಬಾಳೂರಿನ ಕಡೆಯ ಆಶಾ ಕಾರ್ಯಕರ್ತೆ ಪ್ರೇಮಕುಮಾರಿ ಹನ್ನೊಂದು ವರ್ಷಗಳಿಂದ ವಾರಕ್ಕೆರಡು ಸಲ ಕಾಡಿನ ದಾರಿ ಹಿಡಿದು ಹೊನ್ನೇಮಕ್ಕಿಗೆ ನಡೆಯುತ್ತಿದ್ದಳು. ಗುಡ್ಡದ ನೆತ್ತಿಗೆ ಸ್ವಲ್ಪ ಕೆಳಗೆ ಒಂಬತ್ತು ಮನೆಗಳ ಊರು ಅದು. ಈಚೆಗೆ ಶನಿವಾರ ಬಂತೆಂದರೆ ಅದೇ ದಾರಿಯಲ್ಲಿ ಪ್ರವಾಸಿಗರನ್ನು ತುಂಬಿಕೊಂಡ ಜೀಪುಗಳು ಹತ್ತುತ್ತಿದ್ದವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ದಾರಿ ಸೊಂಟದಾಳದ ಕೊರಕಲಾಯಿತು. ಕಳೆದ ಜುಲೈಯಲ್ಲಿ ಅವಳು ಅದರೊಳಗೆ ಜಾರಿಬಿದ್ದು ಕೈ ಮುರಿದುಕೊಂಡಳು. ಆರು ವಾರ ಹೊನ್ನೇಮಕ್ಕಿಯಲ್ಲಿದ್ದ ಒಬ್ಬ ಬಾಣಂತಿಯನ್ನು ನೋಡಲು ಯಾರೂ ಹೋಗಲಿಲ್ಲ.

ಅಕ್ಟೋಬರಿನಲ್ಲಿ ಪಂಚಾಯಿತಿ ಗೋಡೆಯ ಮೇಲೆ ಅರಣ್ಯ ಇಲಾಖೆಯ ನೋಟಿಸು ಬಂತು. ಜೀಪುಗಳಿಂದ ಹಾಳಾದ ದಾರಿಯನ್ನು ಪೂರ್ತಿ ಮುಚ್ಚುವ ಆಲೋಚನೆಯಿದೆ, ಸಾರ್ವಜನಿಕರು ಗುರುವಾರ ಶಾಲೆಯ ಹಾಲ್‌ಗೆ ಬಂದು ಅಭಿಪ್ರಾಯ ಹೇಳಬಹುದು ಎಂದಿತ್ತು.

ಅಂದು ಹಾಲ್ ಕಿಕ್ಕಿರಿದಿತ್ತು. ಹೋಮ್‌ಸ್ಟೇಯವರು ದಾರಿಗೆ ಕಾಂಕ್ರೀಟ್ ಬೇಕೆಂದರು. ದೊಡ್ಡ ಎಸ್ಟೇಟಿನವರೊಬ್ಬರು ಕಾಡಿಗೆ ಯಾರೂ ಕಾಲಿಡಬಾರದೆಂದರು. ವಲಯ ಅರಣ್ಯಾಧಿಕಾರಿ ಭುವನಾ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಒಬ್ಬರ ಬಾಯಲ್ಲೂ ಹೊನ್ನೇಮಕ್ಕಿಯ ಹೆಸರು ಬರಲಿಲ್ಲ. ಕೊನೆಯ ಬೆಂಚಿನಲ್ಲಿದ್ದ ಪ್ರೇಮಕುಮಾರಿ ತಡೆಯಲಾರದೆ ಎದ್ದು ನಿಂತಳು.

"ಮೇಡಂ, ಮೇಲೆ ಒಂಬತ್ತು ಮನೆ ಉಂಟು. ದಾರಿ ಮುಚ್ಚಿದ್ರೆ ಅವ್ರು ಎಲ್ಲಿಂದ ಇಳೀಬೇಕು? ಜೀಪು ನಿಲ್ಸಿ, ನಡಿಯೋರನ್ನ ಬಿಡಿ. ಈ ಕೈ ಮುರಿದದ್ದು ಜೀಪಿನ ಕೊರಕಲಲ್ಲೇ."

ಜೀಪಿನವರ ಗುಂಪಿನಿಂದ ಗೊಣಗಾಟ ಎದ್ದಿತು. "ನಮ್ಮ ಹೊಟ್ಟೆ ಮೇಲೆ ಹೊಡೀತೀರಾ?" ಎಂದು ಒಬ್ಬ ಕೂಗಿದ. ಅವಳಿಗೆ ಕೂತುಬಿಡಬೇಕೆನಿಸಿತು.

ಆಗ ಅದೇ ಗುಂಪಿನಿಂದ ಬಾಲರಾಜ್ ಎದ್ದ. ಎಲ್ಲರಿಗಿಂತ ಹೆಚ್ಚು ಸಲ ನೆತ್ತಿಗೆ ಜೀಪು ಹತ್ತಿಸುತ್ತಿದ್ದವನು ಅವನೇ. "ಸುಮ್ನಿರು ಮಾರಾಯ. ಪ್ರೇಮಕ್ಕ ಹೇಳೋದು ಸುಳ್ಳಾ? ಚಕ್ರಕ್ಕೆ ಚೈನ್ ಕಟ್ಟಿ ಆ ದಾರಿ ಅಗೆದದ್ದು ನಾವೇ. ಮೇಡಂ, ಜೀಪು ಕೆಳಗಿನ ಫಾರೆಸ್ಟ್ ಗೇಟಲ್ಲೇ ನಿಲ್ಲಲಿ. ಬಂದವ್ರು ನಡೀಲಿ. ಮೇಲಿನವ್ರಿಗೆ ಹುಷಾರಿಲ್ದಾಗ ಮಾತ್ರ ಒಂದು ಜೀಪು ಬಿಡಿ. ನಾನೇ ಹೋಗ್ತೀನಿ."

ಭುವನಾ ಪೆನ್ನು ಕೆಳಗಿಟ್ಟು ಪ್ರೇಮಕುಮಾರಿಯತ್ತ ತಿರುಗಿದರು. "ನಾಳೆ ನಾನು ನಡೆದೇ ನೋಡ್ತೀನಿ. ನೀವು ಜೊತೆಗೆ ಬರ್ತೀರಾ?"

ಮಾರನೇ ದಿನ ಇಬ್ಬರೂ ಹತ್ತಿದರು. ಭುವನಾ ಕೊರಕಲಿಗಿಳಿದು ಟೇಪು ಹಿಡಿದು ಆಳ ಅಳೆದರು, ಕಾಲಿಗೆ ಹತ್ತಿ ರಕ್ತ ಹೀರುತ್ತಿದ್ದ ಉಂಬಳಗಳನ್ನು ಕಿತ್ತೆಸೆಯುತ್ತ ಮುಂದೆ ನಡೆದರು. ಹೊನ್ನೇಮಕ್ಕಿಯಲ್ಲಿ ಮನೆಮನೆಗೂ ಹೋಗಿ ಕೂತು ಕೇಳಿದರು. ಎಂಬತ್ತು ದಾಟಿದ ವಸಂತಮ್ಮ ಬೆಲ್ಲದ ಕಾಫಿ ಕೊಟ್ಟು, "ದಾರಿ ಹೆಂಗಿರಬೇಕು ಅಂತ ನಮ್ಮನ್ನ ಕೇಳಿದವ್ರು ನೀವೇ ಮೊದಲು ಕಣವ್ವಾ" ಎಂದು ಅವರ ಕೈ ಹಿಡಿದುಕೊಂಡಳು.

ಜನವರಿಯಲ್ಲಿ ಆದೇಶ ಬಂತು. ಜೀಪುಗಳಿಗೆ ಗೇಟೇ ಕೊನೆ. ಮೊದಲೇ ಹೆಸರು ಬರೆಸಿದ ಐವತ್ತು ಜನ ಮಾತ್ರ ದಿನಕ್ಕೆ ಹತ್ತಬಹುದು. ಮಳೆಗಾಲದಲ್ಲಿ ಅದೂ ಇಲ್ಲ. ಊರಿನವರಿಗೆ ಯಾವ ತಡೆಯೂ ಇಲ್ಲ, ರೋಗಿಗಳಿಗೆ ಜೀಪು ಉಂಟು. ಪ್ರವಾಸಿಗರಿಗೆ ದಾರಿ ತೋರಿಸುವ ಕೆಲಸ ಜೀಪಿನವರಿಗೇ ಸಿಕ್ಕಿತು. ಆದರೂ ಬಾಲರಾಜನ ಜೊತೆ ಕೆಲವರು ಬಹಳ ದಿನ ಮಾತು ಬಿಟ್ಟಿದ್ದರು.

ಫೆಬ್ರವರಿಯ ಒಂದು ಬೆಳಿಗ್ಗೆ ಪ್ರೇಮಕುಮಾರಿ ಹತ್ತುವಾಗ ಅವನು ಹೊನ್ನೇಮಕ್ಕಿಯವರ ಜೊತೆ ಕೊರಕಲಿಗೆ ಕಲ್ಲು ತುಂಬುತ್ತಿದ್ದ.

"ಬಾಲಣ್ಣ, ಅವತ್ತು ನೀವು ಏಳದಿದ್ರೆ ನನ್ನ ಮಾತು ಅಲ್ಲೇ ಮುಗೀತಿತ್ತು. ನಿಮ್ಮ ಉಪಕಾರ ಮರೆಯಲ್ಲ."

"ಎಂತ ಉಪಕಾರ? ನಿಮ್ಮ ಕೈ ಕಟ್ಟು ನೋಡಿದಾಗೆಲ್ಲ ನಂಗೆ ನಾಚಿಕೆ ಆಗ್ತಿತ್ತು" ಎಂದು ಅವನು ಮುಖ ತಿರುಗಿಸಿ ಇನ್ನೊಂದು ಕಲ್ಲೆತ್ತಿದ.

ಅವಳು ಚೀಲವನ್ನು ಮರದ ಬುಡದಲ್ಲಿಟ್ಟು, ಸೆರಗು ಸಿಕ್ಕಿಸಿ, ತಾನೂ ಒಂದು ಕಲ್ಲಿಗೆ ಕೈ ಹಾಕಿದಳು.