ಪ್ಲೈವುಡ್ ಗುಡಿಯ ಹೊಸ್ತಿಲು

“ಲೇ ಲೇ ಲೇ! ಹೊಸ್ಲು ತುಳಿಬ್ಯಾಡಲೇ ಬೋಳಿಮಗನ! ಇಳಿ ಕೆಳಗ!”

ಪಂಚಾಕ್ಷರಪ್ಪನ ಕೂಗಿಗೆ ಗಿರೀಶ ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಹೊಸ್ತಿಲು ಪ್ಲೈವುಡ್ಡಿನದು. ನಿನ್ನೆ ಅದಕ್ಕೆ ಮೊಳೆ ಹೊಡೆದವನೇ ಅವನು. ಹೊಡೆದು ಮುಗಿಸಿ, ಅದರ ಮೇಲೆಯೇ ಕೂತು ಒಂದು ಬೀಡಿಯನ್ನೂ ಸೇದಿದ್ದ.

“ಯಾಕ್ರೀ ಗೌಡ್ರೇ, ಪೇಂಟು ಇನ್ನಾ ಹಸೀ ಐತಾ?”

“ಪೇಂಟಲ್ಲಲೇ. ಬೆಳಿಗ್ಗೆ ಅಯ್ನೋರು ಪೂಜೆ ಮಾಡ್ಯಾರ. ಇದು ಈಗ ಗುಡಿ.”

ಬಂದಳಿಕೆ ಊರಿನ ಆಚೆ, ಪಂಚಾಕ್ಷರಪ್ಪನ ಮೆಕ್ಕೆಜೋಳ ಕೊಯ್ದ ಹೊಲದಲ್ಲಿ ಬೆಂಗಳೂರಿನ ಸಿನಿಮಾದವರು ಎಬ್ಬಿಸಿದ ಗುಡಿ ಅದು. ನೋಡಿದರೆ ಕಲ್ಲು, ತಟ್ಟಿದರೆ ಡಬ್ಬ. ಒಳಗೆ ಫೈಬರ್ ಲಿಂಗ. ಗುಡಿಯ ಹೊರಗೇ ನಿಂತ ಜನ ಒಂದು ದಿನ ಒಳಗೆ ನುಗ್ಗುತ್ತಾರೆ, ಪೂಜಾರಿ ಅತ್ತು ಅವರನ್ನು ತಬ್ಬಿಕೊಳ್ಳುತ್ತಾನೆ, ಮನುಷ್ಯರೆಲ್ಲ ಒಂದೇ ಎಂದು ಜನಕ್ಕೆ ಗೊತ್ತಾಗುತ್ತದೆ. ಇದು ಸಿನಿಮಾದ ಕತೆ. ನುಗ್ಗುವುದಕ್ಕೆಂದು ಕೇರಿಯಿಂದ ಇಪ್ಪತ್ತು ಜನರನ್ನು ಕರೆಸಿದ್ದರು.

ಶಿಕಾರಿಪುರದ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಗಿರೀಶ ಮೂರು ದಿನ ಹಮಾಲಿ ಬಿಟ್ಟು ಬಂದಿದ್ದ. ಬಸ್ಸಿನಲ್ಲಿ ಟಿಕೆಟ್ ಕೇಳಿದರೂ ಕಾಲರ್ ಎತ್ತಿ ಹೀರೋ ಥರ ಉತ್ತರ ಕೊಡುವ ಆಸಾಮಿ. ಇಷ್ಟು ವರ್ಷ ಪರರ ಡೈಲಾಗು ಹೊಡೆದವನಿಗೆ ಈಗ ಸ್ವಂತದ್ದೊಂದು ಸಿಕ್ಕಿತ್ತು. “ಈ ಕಲ್ಲು ಹೊತ್ತೋರು ನಾವು. ಕಲ್ಲು ದೇವ್ರಾದ್ಮೇಲೆ ನಾವ್ಯಾರು?” ಮೊದಲು ಒಳಗೆ ಕಾಲಿಡಬೇಕಾದವನೂ ಅವನೇ.

ಆದರೂ ಅವನಿಗೆ ಒಳಗೊಳಗೇ ಏನೋ ವಾಸನೆ ಹೊಡೆಯುತ್ತಿತ್ತು. ಅಸಿಸ್ಟೆಂಟ್ ಡೈರೆಕ್ಟರ್ ಸುರೇಶ ಬಾಯಿ ತೆಗೆದರೆ ಬ್ರದರ್ ಅನ್ನುತ್ತಿದ್ದ. ಊಟದ ಹೊತ್ತಿಗೆ ತಾನೇ ಬಂದು ಎರಡನೇ ಮೊಟ್ಟೆ ಬಡಿಸಿದ್ದ.

“ಅವ್ನ ನಗು ನೋಡಿದ್ರ ನಂಗ ಎಲೆಕ್ಷನ್ ನೆನಪಾಕೈತಿ ಕಣಲೇ,” ಎಂದಿದ್ದಳು ದೊಡ್ಡವ್ವ ಶೇಷಮ್ಮ.

ಕ್ಯಾಮೆರಾಗೆ ಒಂದು ಕಾಯಿ ಒಡೆಯಲಿ ಎಂದು ಅಯ್ಯನವರನ್ನು ಕರೆಸಿದವನೂ ಈ ಸುರೇಶನೇ. ಬಂದ ಅಯ್ಯನವರ ಕಣ್ಣಿಗೆ ಕಂಡದ್ದು ಲಿಂಗ. ಅಭಿಷೇಕ, ವಿಭೂತಿ, ಬಿಲ್ವಪತ್ರೆ, ಮಂತ್ರ, ಯಾವುದನ್ನೂ ಬಿಡದೆ ಮುಗಿಸಿ ಕೈತೊಳೆದು ಹೋದರು.

ಜನರೇಟರ್ ವ್ಯಾನಿನ ಹಿಂದೆ ಸುರೇಶ, ಪಂಚಾಕ್ಷರಪ್ಪ ಪಿಸುಗುಡುವುದು ಕಂಡಿತು. ಗಿರೀಶ ಉಚ್ಚೆ ಹೊಯ್ಯುವ ನೆವದಲ್ಲಿ ಹತ್ತಿರ ಹೋಗಿ ಕೂತ.

“ಸಾರ್, ಇದು ಸೆಟ್ಟು. ನಾಡಿದ್ದು ಕಿತ್ತು ಲಾರಿಗೆ ಹಾಕ್ತೀವಿ.”

“ನಾಡಿದ್ದಿಂದು ನಾಡಿದ್ದು. ಇವತ್ತು ಒಳಗ ದೇವರದಾನ. ನನ್ ಹೊಲದಾಗ ಗುಡಿ ಹೊಕ್ಕ ಜನ ನಾಳೆ ಊರಾಗಿನ ಗುಡಿಗೂ ಬಂದ್ರ, ಬಾಗಿಲಿಗೆ ನಿಂದ್ರಾಕ ನೀನು ಬರ್ತೀಯೇನು?”

“ಬಿಡಿ ಸಾರ್, ಅಡ್ಜಸ್ಟ್ ಮಾಡೋಣ.”

ಅರ್ಧ ಗಂಟೆಯಲ್ಲಿ ಅಡ್ಜಸ್ಟ್ ಆಯಿತು. ಶಿಕಾರಿಪುರದಿಂದ ಎರಡು ಕಾರು ತುಂಬ ಹುಡುಗರು ಬಂದಿಳಿದರು, ಎಲ್ಲ ಪಂಚಾಕ್ಷರಪ್ಪನ ಕಡೆಯವರೇ. ಮೇಕಪ್ಪಿನವನು ಕೆನ್ನೆಗಳಿಗೆ ಕಪ್ಪು ಬಳಿದ. ಕೇರಿಯವರ ಮೈಮೇಲಿನ ಹರಕು ಅಂಗಿ ಅವರು ತೊಡುವಂತಿಲ್ಲವಲ್ಲ, ಹೊಸ ಅಂಗಿಗಳಿಗೇ ಬ್ಲೇಡು ಹಾಕಿ ಹರಿದರು.

ಸುರೇಶ ಗಿರೀಶನ ಹೆಗಲ ಮೇಲೆ ಕೈಯಿಟ್ಟ.

“ಬ್ರದರ್, ನೀವೆಲ್ಲ ಹಿಂದೆ ನಿಂತ್ಕೊಳ್ಳಿ. ಊಟ ಇದ್ದೇ ಇರುತ್ತೆ. ನಿಮ್ ಡೈಲಾಗ್ ಇವ್ರಿಗೆ ಸ್ವಲ್ಪ ಹೇಳ್ಕೊಡಿ. ನಿಮ್ಮೋರ ಸ್ಲ್ಯಾಂಗ್ ಹಂಗೇ ಬರ್ಬೇಕು.”

ಇವ್ರು ಅಂದರೆ ಮಹಾಂತೇಶ, ಪಂಚಾಕ್ಷರಪ್ಪನ ತಮ್ಮನ ಮಗ. ಅರ್ಧ ಕಪ್ಪು ಬಳಿದ ಮುಖದಲ್ಲಿ ಮೊಬೈಲು ನೋಡುತ್ತಿದ್ದವನು ತಲೆ ಎತ್ತಿದ.

“ಹೇಳಲೇ ಜಲ್ದಿ. ಅಳೋದೂ ಐತಂತ. ನಿಮ್ ಜನ ಹೆಂಗ್ ಅಳ್ತೀರಿ?”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಗಿರೀಶ ನಗುತ್ತಲೇ ಅಂದ: “ಹೇಳಿದ್ರ ಬರಂಗಿಲ್ಲಣ್ಣ ಅದು. ಮಾಡಿ ತೋರಿಸ್ಬೇಕು.”

“ರೋಲಿಂಗ್... ಆಕ್ಷನ್!”

ಮಹಾಂತೇಶ ಲುಂಗಿ ಸರಿಪಡಿಸಿಕೊಳ್ಳುವಷ್ಟರಲ್ಲಿ ಗಿರೀಶ ಗುಂಪನ್ನು ಸೀಳಿ ಮೆಟ್ಟಿಲು ಹತ್ತಿದ್ದ. ಹೊಸ್ತಿಲು ಬೇಕೆಂದೇ ತುಳಿದ. ಅದು ಕಿರ್ರೆಂದಿತು.

“ತಾಳಲೇ, ನಾನೂ ಬರ್ತೀನಿ,” ಎಂದು ಶೇಷಮ್ಮ ಸೀರೆ ಎತ್ತಿಕಟ್ಟಿ ಹಿಂದೆಯೇ ಹೊಕ್ಕಳು. ಇಬ್ಬರೂ ಲಿಂಗದ ಪಕ್ಕ ಕಾಲು ಚಾಚಿ ಕೂತರು.

ಪಂಚಾಕ್ಷರಪ್ಪನ ಕಡೆಯವರು ಹೋ ಎಂದು ನುಗ್ಗಿ ಬಂದವರು ಬಾಗಿಲಲ್ಲಿ ಗಕ್ಕನೆ ನಿಂತರು. ಕಾರಿಳಿದವರೇ ಲಿಂಗಕ್ಕೆ ಕೈಮುಗಿದು ಹಚ್ಚಿಕೊಂಡ ವಿಭೂತಿ ಎಲ್ಲರ ಹಣೆ ಮೇಲಿತ್ತು.

“ಹೊರಗ ಬಾರಲೇ ಸೂಳೆಮಗನ!” ಪಂಚಾಕ್ಷರಪ್ಪ ಮೆಟ್ಟಿಲ ಕೆಳಗಿನಿಂದ ಒದರಿದ.

ಬಾಯಿಪಾಠವಾಗಿದ್ದ ಒಂದು ಡೈಲಾಗೂ ಗಿರೀಶನ ಬಾಯಿಗೆ ಬರಲಿಲ್ಲ.

“ನೀವೇ ಬಂದು ಎಳ್ಕಂಡ್ ಹೋಗ್ರಿ ಗೌಡ್ರೇ. ಎಳೀಬೇಕಂದ್ರ ಮುಟ್ಬೇಕಲ್ಲ. ಯಾರು ಮುಟ್ತೀರಿ, ಬರ್ರಿ.”

ಯಾರೂ ಬರಲಿಲ್ಲ. ಶೇಷಮ್ಮ ಪೂಜೆಯ ತಟ್ಟೆಯಲ್ಲಿದ್ದ ಬಾಳೆಹಣ್ಣು ಸುಲಿದು ತಿನ್ನತೊಡಗಿದಳು.

“ಕಟ್ ಮಾಡ್ಬೇಡ್ರಿ,” ಸುರೇಶ ಕ್ಯಾಮೆರಾದವನ ಕಿವಿಯಲ್ಲಿ ಅಂದ. ಅವನ ಕಣ್ಣು ಹೊಳೆಯುತ್ತಿತ್ತು. “ಸೂಪರ್ ಬರ್ತಿದೆ. ಇನ್ನೂ ಕ್ಲೋಸ್ ಹೋಗಿ.”

“ಬಿದಿರು ತಗಂಬರ್ರಲೇ,” ಪಂಚಾಕ್ಷರಪ್ಪ ಕೂಗಿದ. “ಉದ್ದಂದು! ಮುಟ್ಟದಂಗ ತಿವಿದು ಹೊರಗ ಹಾಕ್ರಿ!”

ಹುಡುಗರು ಗುಡಿಯ ಹಿಂದಕ್ಕೆ ಓಡಿದರು. ಗೋಡೆ ಮುಂದಕ್ಕೆ ಬೀಳದಂತೆ ಹಿಂದಿನಿಂದ ಬಿಗಿದು ಕಟ್ಟಿದ್ದ ಬಿದಿರುಗಳನ್ನು ಒಂದೊಂದಾಗಿ ಕಿತ್ತರು. ಒಂದು ಕಿತ್ತಾಗ ಗೋಪುರ ಅಲ್ಲಾಡಿತು. ಎರಡನೆಯದಕ್ಕೆ ಇಡೀ ಗುಡಿ ಬಾಗಿಲ ಕಡೆಗೆ ಒಂದು ಮೊಳ ವಾಲಿತು.

ಮೂರನೆಯದಕ್ಕೆ ಮಹಾಂತೇಶ ಕೈ ಹಾಕಿದ.