ಬಿಯರ್ ಕಾಯಿಸಿದ ಶನಿವಾರ

ಆ ಶನಿವಾರ ದುಷ್ಯಂತನಿಗೆ ಒಂದೂ ಸರಿಹೋಗಲಿಲ್ಲ. ಡಾಲಸ್ ಹೊರವಲಯದ ಪ್ರಾಸ್ಪರ್ ಎಂಬ ಊರಿನ ತನ್ನ ಹೊಸ ಮನೆಯ ಗರಾಜಿನಲ್ಲಿ ಮೊದಲ ಸಲ ಬಿಯರ್ ಮಾಡಲು ಹೊರಟಿದ್ದ. ಮೊಳಕೆ ಬಾರ್ಲಿಯ ಮಾಲ್ಟ್ ನೆನೆಸುವಾಗಲೇ ಥರ್ಮಾಮೀಟರ್ ಕೈಜಾರಿ ಒಡೆಯಿತು. ಸೋಸುವ ಚೀಲ ಹರಿದು ಕಾಳೆಲ್ಲ ಪಾತ್ರೆಗೇ ಬಿತ್ತು. ಫೆಬ್ರವರಿಯ ಬಡಗಣ ಗಾಳಿ ಗ್ಯಾಸ್ ಒಲೆಯನ್ನು ಮತ್ತೆ ಮತ್ತೆ ಆರಿಸುತ್ತಿತ್ತು.

ಹತ್ತಿರದ ರಿಚರ್ಡ್‌ಸನ್ ಊರಿನಿಂದ ಬಂದಿದ್ದ ಪ್ರಹ್ಲಾದ್ ಮಡಚುವ ಕುರ್ಚಿಯಲ್ಲಿ ಕೂತು ನಗುತ್ತಿದ್ದ. ಮೈಸೂರಿನ ಕಾಲೇಜಿನ ದಿನಗಳಿಂದಲೂ ಇಬ್ಬರೂ ಗೆಳೆಯರು. "ಅಂಗಡೀಲಿ ಸಿಗೋದಕ್ಕೆ ಇಷ್ಟು ಒದ್ದಾಟ ಯಾಕೆ ಗುರು?"

"ಸುಮ್ನೆ ಕೂತ್ಕೊ" ಎಂದ ದುಷ್ಯಂತ, ಗೋಡೆಯ ಬಟನ್ ಒತ್ತಿ ಗರಾಜಿನ ಬಾಗಿಲನ್ನು ಪೂರ್ತಿ ಇಳಿಸಿದ. ಒಲೆಯನ್ನು ಬಯಲಿನಲ್ಲಿ ಮಾತ್ರ ಉರಿಸಬೇಕೆಂದು ಅದರ ಡಬ್ಬದ ಮೇಲೆ ಬರೆದಿದ್ದನ್ನು ಅವನು ಓದಿದ್ದ. ಸ್ವಲ್ಪ ಹೊತ್ತು ತಾನೇ, ಅಂದುಕೊಂಡ.

ಕುದಿಯುವ ರಸಕ್ಕೆ ಕಹಿ ಕೊಡುವ ಹಾಪ್ಸ್ ಹೂ ಹಾಕಿದ್ದೇ ತಡ, ನೊರೆ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ನೀಲಿ ಉರಿ ಹಳದಿಯಾಗಿ ಪಾತ್ರೆಯ ತಳಕ್ಕೆ ಮಸಿ ಹಿಡಿಯಿತು. ಬೈದುಕೊಳ್ಳುತ್ತಲೇ ನೆಲ ಒರೆಸಿ, ಮತ್ತೆ ಕುದಿಯಲು ಬಿಟ್ಟ. ಬರಬರುತ್ತ ತಲೆ ಸಿಡಿಯತೊಡಗಿತು, ಹಣೆ ಒತ್ತಿಕೊಂಡ.

"ನಂಗೂ ಒಂಥರಾ ಆಗ್ತಿದೆ ಕಣೋ" ಎಂದ ಪ್ರಹ್ಲಾದ್, ಕಣ್ಣು ಮುಚ್ಚಿಕೊಂಡೇ.

ಊಟ ಮಾಡಿರಲಿಲ್ಲವಲ್ಲ, ಹಸಿವಿಗಿರಬೇಕು ಎಂದು ದುಷ್ಯಂತ ಒಳಗೆ ಹೋದ. ಅಡುಗೆಮನೆ ತಲುಪುವಷ್ಟರಲ್ಲಿ ಕಾಲು ಸೋತು ಗೋಡೆಗೊರಗಿ ಕುಸಿದ. ಹೆಂಡತಿ ನಳಿನಿ ಗಾಬರಿಯಿಂದ ನೀರು ಕುಡಿಸಿ, ಪ್ರಹ್ಲಾದನನ್ನು ಕರೆಯಲು ಓಡಿದಳು. ಗರಾಜಿನಿಂದ ಅವಳ ಚೀರಾಟ ಕೇಳಿಸಿತು. ಪ್ರಹ್ಲಾದ್ ಕುರ್ಚಿಯಿಂದ ಉರುಳಿ ಸಿಮೆಂಟ್ ನೆಲದ ಮೇಲೆ ಬಿದ್ದಿದ್ದ.

ಮುಚ್ಚಿದ ಗರಾಜಿನಲ್ಲಿ ತುಂಬಿದ ಒಲೆಯ ವಿಷಗಾಳಿ ರಕ್ತಕ್ಕೆ ಸೇರಿದೆ ಎಂದರು ಡಾಲಸ್‌ನ ಆಸ್ಪತ್ರೆಯ ವೈದ್ಯರು. ಪ್ರಹ್ಲಾದನ ಹೆಂಡತಿ ಜಯದೇವಿ ಚಪ್ಪಲಿಯನ್ನೂ ಮೆಟ್ಟದೆ ಓಡಿ ಬಂದಿದ್ದಳು.

"ಇಷ್ಟು ಓದಿರೋರು ನೀವು. ಬಾಗಿಲು ಮುಚ್ಚಿದ್ದು ಯಾರು?"

"ಅವನೇ" ಎಂದುಬಿಟ್ಟ ದುಷ್ಯಂತ. "ಚಳಿ ಅಂದ."

ಪ್ರಹ್ಲಾದ್ ಬದುಕಿದ. ಆದರೆ ಆ ದಿನದ್ದೇನೂ ನೆನಪಿನಲ್ಲಿ ಉಳಿದಿರಲಿಲ್ಲ. ಲೋಟ ಹಿಡಿದರೆ ಕೈ ನಡುಗುತ್ತಿತ್ತು, ಮಾತಿನ ನಡುವೆ ಪದ ಸಿಗದೆ ತಡವರಿಸುತ್ತಿದ್ದ. ನೋಡಲು ಬಂದ ದುಷ್ಯಂತನ ಕೈ ಹಿಡಿದು ಅಂದ: "ಸಾರಿ ಕಣೋ. ಬಾಗಿಲು ನಾನೇ ಹಾಕಿದ್ನಂತೆ. ನಿಂಗೇನಾದ್ರೂ... ಆಗಿದ್ರೆ?"

ದುಷ್ಯಂತನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಕೂತಿದ್ದ ಜಯದೇವಿಗೆ ನಡೆದದ್ದನ್ನು ಹೇಳಿಬಿಟ್ಟ. ಅವಳು ಕೂಗಾಡಲಿಲ್ಲ. ಎದ್ದು ಗಂಡನ ಕೋಣೆಯ ಬಾಗಿಲನ್ನು ಎಳೆದುಕೊಂಡಳು.

"ಅವ್ರಿಗೆ ಹೇಳ್ಬೇಡಿ. ನೀವಂದ್ರೆ ಅವ್ರಿಗೆ ಜೀವ, ಅದೊಂದಾದ್ರೂ ಉಳೀಲಿ. ಆದ್ರೆ ನಮ್ಮನೆ ಬಾಗಿಲಿಗೆ ಇನ್ನು ಬರ್ಬೇಡಿ."

ಕೆಲಸ ಬಿಡಬೇಕಾಗಿ ಬಂದ ಪ್ರಹ್ಲಾದ್, ಬೇಸಿಗೆಯಲ್ಲಿ ಜಯದೇವಿಯ ಅಣ್ಣನಿದ್ದ ಹ್ಯೂಸ್ಟನ್‌ಗೆ ಶಿಫ್ಟ್ ಆದ. ಈಗಲೂ ಆಗಾಗ ಫೋನ್ ಮಾಡುತ್ತಾನೆ. ತಡವರಿಸುತ್ತ, ಯಾವಾಗ ಬರ್ತೀಯೋ ಎಂದು ಕೇಳುತ್ತಾನೆ. ಪ್ರಾಜೆಕ್ಟ್ ಮುಗಿಯಲಿ ಎನ್ನುತ್ತಾನೆ ದುಷ್ಯಂತ.